ಬ್ರೇಕ್ ಹಿಡಿದರೆ ಬೀಳಿಸುವ ಬಂಡೆ

ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ಒಂದು ಬಂಡೆಯಿದೆ. ಎತ್ತರ ಅರ್ಧ ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆ ಕಡೆಯಿಂದ ಬರುವ ಸೈಕಲ್ಲಿನವರಲ್ಲಿ ಕೆಲವರು ಅದರ ಮೇಲಿಂದ ಸಲೀಸಾಗಿ ಧುಮುಕಿ ಹೋಗುತ್ತಾರೆ. ಇನ್ನು ಕೆಲವರು ಏನೋ ನೆನಪಾದವರಂತೆ ನಿಂತು, ನೀರು ಕುಡಿದು, ಸೈಕಲ್ ತಳ್ಳಿಕೊಂಡು ಪಕ್ಕದಿಂದ ಇಳಿಯುತ್ತಾರೆ. ನಾನು ನೀರು ಕುಡಿಯುವ ಪೈಕಿ. ಒಂದೇ ಒಂದು ಸಲ ಧೈರ್ಯ ಮಾಡಿದ್ದೆ. ಅಂಚಿಗೆ ಬಂದಾಗ ಎದೆ ಝಲ್ಲೆಂದು ಎರಡೂ ಬ್ರೇಕ್ ಬಿಗಿಹಿಡಿದೆ, ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ಹಿಂದಿದ್ದ ಹೈಸ್ಕೂಲ್ ಹುಡುಗ ನನ್ನನ್ನು ಎಬ್ಬಿಸುತ್ತಾ, “ಅಲ್ಲಿ ಬ್ರೇಕ್ ಹಿಡೀಬಾರ್ದು ಅಂಕಲ್. ನಿಧಾನಕ್ಕೆ ಹೋದೋರೇ ಬೀಳೋದು” ಅಂದ.

ಮೊಣಕೈ ಉರಿಯುತ್ತಿದ್ದಾಗ ಅದು ಕುಹಕದಂತೆ ಕೇಳಿಸಿತು. ಮನೆಗೆ ಬಂದು ಲೆಕ್ಕ ಹಾಕಿದರೆ ಹುಡುಗನ ಮಾತೇ ಸರಿ.

ಸೈಕಲ್ಲಿನ ಎರಡು ಚಕ್ರಗಳ ನಡುವೆ ಸುಮಾರು 1.15 ಮೀಟರ್ ಅಂತರವಿದೆ ಅನ್ನೋಣ. ಮುಂದಿನ ಚಕ್ರ ಅಂಚು ದಾಟಿದ ಕ್ಷಣದಿಂದ ಹಿಂದಿನದು ಅಂಚಿಗೆ ಬರುವ ತನಕ ಮುಂಭಾಗಕ್ಕೆ ಆಸರೆಯಿಲ್ಲ. ಗಂಟೆಗೆ 7 ಕಿ.ಮೀ. ವೇಗದಲ್ಲಿ ಹೋದರೆ ಈ ಅವಧಿ ಅರ್ಧ ಸೆಕೆಂಡಿಗಿಂತ ಹೆಚ್ಚು. ಅಷ್ಟರಲ್ಲಿ ಆಸರೆಯಿಲ್ಲದ ವಸ್ತು ಒಂದೂವರೆ ಮೀಟರಿಗಿಂತ ಹೆಚ್ಚೇ ಬೀಳಬಲ್ಲದು. ಅಂದರೆ ಹಿಂದಿನ ಚಕ್ರ ಇನ್ನೂ ಬಂಡೆಯ ಮೇಲಿರುವಾಗಲೇ ಮುಂದಿನದು ಕೆಳಗೆ ಕುಕ್ಕರಿಸುತ್ತದೆ, ಸವಾರ ಮುಗ್ಗರಿಸುತ್ತಾನೆ. ಅದೇ ಗಂಟೆಗೆ 18 ಕಿ.ಮೀ. ಇದ್ದರೆ ಆಸರೆ ತಪ್ಪುವುದು ಕಾಲು ಸೆಕೆಂಡಿಗಿಂತಲೂ ಕಡಿಮೆ, ಸೈಕಲ್ಲಿನ ಮೂತಿ ಇಳಿಯುವುದು ಒಂದು ಗೇಣಿನ ಆಸುಪಾಸು. ಇದು ಸ್ಥೂಲ ಲೆಕ್ಕ. ತೋಳು, ಸೊಂಟ ಬಳಸಿ ಸೈಕಲ್ಲನ್ನು ಮುಂದಕ್ಕೆ ನೂಕುವ ಸವಾರನ ಚಾಕಚಕ್ಯತೆ ಇದರಲ್ಲಿ ಸೇರಿಲ್ಲ.

ಕಡಿದಾದ ಇಳಿಜಾರಿನದೂ ಇಂಥದೇ ಕಥೆ. ಸವಾರ ಮತ್ತು ಸೈಕಲ್ಲಿನ ಒಟ್ಟು ಗುರುತ್ವಕೇಂದ್ರ ನೆಲದಿಂದ 1.1 ಮೀಟರ್ ಮೇಲೆ, ಮುಂದಿನ ಚಕ್ರ ನೆಲ ಮುಟ್ಟುವ ಜಾಗದಿಂದ 60 ಸೆಂ.ಮೀ. ಹಿಂದೆ ಇದೆ ಎಂದುಕೊಳ್ಳಿ. ಬ್ರೇಕ್ ಹಿಡಿದು ಒಂದೇ ವೇಗದಲ್ಲಿ ಇಳಿಯುತ್ತಿದ್ದರೆ ಸುಮಾರು 29 ಡಿಗ್ರಿ ಇಳಿಜಾರಿನಲ್ಲಿ ಹಿಂದಿನ ಚಕ್ರ ಮೇಲೇಳುತ್ತದೆ. ಸೀಟನ್ನು ಗುಂಡಿ ಒತ್ತಿ ಕೆಳಗಿಳಿಸುವ ಡ್ರಾಪರ್ ಪೋಸ್ಟ್ ಇದ್ದರೆ ಮೈಯನ್ನು ತಗ್ಗಿಸಿ ಹಿಂದಕ್ಕೆ ಸರಿಸಬಹುದು. ಕೇಂದ್ರ 95 ಸೆಂ.ಮೀ.ಗೆ ಇಳಿದು 75 ಸೆಂ.ಮೀ. ಹಿಂದಕ್ಕೆ ಹೋದರೆ ಮಿತಿ 38 ಡಿಗ್ರಿಗೆ ಏರುತ್ತದೆ. ಬಂಡೆ ಅದೇ, ಸವಾರನೂ ಅವನೇ, ಸೀಟಿನ ಕಂಬವೊಂದು ಬದಲಾದದ್ದಕ್ಕೆ ಒಂಬತ್ತು ಡಿಗ್ರಿ ಲಾಭ.

ಕ್ರಾಸ್ ಕಂಟ್ರಿ ಮೌಂಟೇನ್ ಬೈಕ್ ರೇಸಿನ ಹಾದಿಗಳು ವರ್ಷದಿಂದ ವರ್ಷಕ್ಕೆ ಒರಟಾಗುತ್ತಾ ಬಂದದ್ದಕ್ಕೆ ಇದೂ ಒಂದು ಕಾರಣ. ಅಮೆರಿಕದ ಡ್ಯುರಾಂಗೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದ 1990ರಲ್ಲಾಗಲಿ, ಈ ಆಟ ಒಲಿಂಪಿಕ್ಸ್ ಸೇರಿದ 1996ರಲ್ಲಾಗಲಿ, ಗೆಲ್ಲಲು ಮುಖ್ಯವಾಗಿ ಬೇಕಿದ್ದದ್ದು ಶ್ವಾಸಕೋಶ ಮತ್ತು ತೊಡೆ. ಆಮೇಲೆ ಸಸ್ಪೆನ್ಷನ್ ಸುಧಾರಿಸಿತು, ಚಕ್ರ ದೊಡ್ಡದಾಯಿತು, ಸುತ್ತುಗಳು ಟಿವಿಗೆ ಒಪ್ಪುವಷ್ಟು ಚಿಕ್ಕವಾದವು. ಈಗ ನಾಲ್ಕರಿಂದ ಆರು ಕಿ.ಮೀ.ನ ಸುತ್ತನ್ನು ಹಲವು ಬಾರಿ ಸುತ್ತಿ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾರೆ. 2012ರ ಲಂಡನ್ ಒಲಿಂಪಿಕ್ಸಿಗೆ ಎಸೆಕ್ಸಿನ ಹ್ಯಾಡ್ಲೀ ಫಾರ್ಮ್ ಎಂಬ ಹುಲ್ಲುಗುಡ್ಡಕ್ಕೆ ಕಲ್ಲುಗಳನ್ನು ತರಿಸಿ ಜೋಡಿಸಿದರು. ನಮ್ಮೂರಿನಲ್ಲಿ ಕಲ್ಲು ಒಡೆದು ಸೈಟು ಮಾಡುತ್ತೇವೆ, ಅಲ್ಲಿ ಸೈಟಿಗೆ ಕಲ್ಲು ತರುತ್ತಾರೆ!

ಹಾಗಾದರೆ ಹಾದಿ ಎಷ್ಟು ಕಷ್ಟವಿರಬೇಕು? ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟರಿಗೂ ಇದೇ ತಲೆನೋವು. ಎಲ್ಲರೂ ಬಿಡಿಸುವ ಲೆಕ್ಕದಿಂದ ಜಾಣರು ಯಾರೆಂದು ಗೊತ್ತಾಗದು, ಯಾರೂ ಬಿಡಿಸಲಾಗದ ಲೆಕ್ಕದಿಂದಲೂ ಗೊತ್ತಾಗದು. ನೂರು ಸವಾರರಲ್ಲಿ 95 ಮಂದಿ ಒಂದು ಬಂಡೆ ದಾಟಿ, ಐವರು ಎಡವಿದರೆ, ಆ ಬಂಡೆ ‘ಇವನಿಗಿಂತ ಅವನು ಮೇಲು’ ಎಂದು ಹೇಳಬಲ್ಲ ಜೋಡಿಗಳು 475. ಐವತ್ತು ಮಂದಿ ದಾಟಿ ಐವತ್ತು ಮಂದಿ ಎಡವಿದರೆ 2,500. ಗಣಿತದ ಕಣ್ಣಿಗೆ ಅರ್ಧಕ್ಕರ್ಧ ಜನರನ್ನು ಕೆಡವುವ ಬಂಡೆಯೇ ಅತ್ಯುತ್ತಮ.

ಆದರೆ ಲೆಕ್ಕ ತಪ್ಪಿದ ಹುಡುಗನಿಗೆ ಅಂಕ ಹೋಗುತ್ತದೆ, ಕತ್ತಿನ ಮೂಳೆ ಮುರಿಯುವುದಿಲ್ಲ. ಕಷ್ಟ ಬೇರೆ, ಅಪಾಯ ಬೇರೆ ಎಂಬುದನ್ನು ಹಾದಿ ಕಟ್ಟುವವರು ಎಷ್ಟೋ ಸಲ ಮರೆಯುತ್ತಾರೆ ಎಂಬುದು ನನ್ನ ತಕರಾರು.

ಟೋಕಿಯೊ ಒಲಿಂಪಿಕ್ಸನ್ನೇ ನೋಡಿ. 2021ರ ಜುಲೈ 26ರಂದು ಇಝುವಿನಲ್ಲಿ ನಡೆದ ಪುರುಷರ ರೇಸಿನ ಮೊದಲ ಸುತ್ತಿನಲ್ಲೇ ನೆದರ್ಲೆಂಡ್ಸಿನ ಮ್ಯಾಥ್ಯೂ ವಾನ್ ಡರ್ ಪೋಲ್ ಬಂಡೆಯೊಂದರಿಂದ ಮುಗ್ಗರಿಸಿ ಬಿದ್ದರು, ಕೊನೆಗೆ ರೇಸ್ ಬಿಟ್ಟರು. ಅಭ್ಯಾಸದ ಹೊತ್ತಿನಲ್ಲಿ ಆ ಬಂಡೆಗೆ ಹಲಗೆ ಒರಗಿಸಿದ್ದರು. ರೇಸಿನ ದಿನವೂ ಇರುತ್ತದೆಂದು ನಂಬಿ ಮೂತಿ ಎತ್ತದೆ ಹೋದೆ ಎಂಬುದು ಅವರ ವಿವರಣೆ. ನನ್ನ ಲೆಕ್ಕದ ಪ್ರಕಾರ ಹಲಗೆ ಇದ್ದರೆ ಇಳಿಜಾರು, ಇಲ್ಲದಿದ್ದರೆ ಧುಮುಕು. ಎರಡಕ್ಕೂ ದೇಹ ಮಾಡಬೇಕಾದ ಕೆಲಸವೇ ಬೇರೆ. ಜಗತ್ತಿನ ಅತ್ಯುತ್ತಮ ಸವಾರರಲ್ಲೊಬ್ಬರು ಅಲ್ಲಿ ಫೇಲಾದದ್ದು ಕೌಶಲ ಸಾಲದೆ ಅಲ್ಲ, ಪ್ರಶ್ನೆಯನ್ನು ಬೇರೆಯಾಗಿ ಓದಿಕೊಂಡು. ಅವತ್ತು ಗೆದ್ದದ್ದು ಬ್ರಿಟನ್ನಿನ ಟಾಮ್ ಪಿಡ್‌ಕಾಕ್.

ಅಪಾಯವನ್ನು ನಿರ್ಧರಿಸುವುದು ಬಂಡೆಯ ಎತ್ತರಕ್ಕಿಂತ ಹೆಚ್ಚಾಗಿ ಅದರ ಕೆಳಗಿನ ನೆಲ. ಒಂದು ಮೀಟರಿನಿಂದ ಬಿದ್ದರೆ ಕೆಳಮುಖ ವೇಗ ಗಂಟೆಗೆ 16 ಕಿ.ಮೀ. ನೆಲ ಸಮತಟ್ಟಾಗಿದ್ದರೆ ಅಷ್ಟನ್ನೂ ಕೈಕಾಲು ನುಂಗಬೇಕು. ನೆಲವೂ ಸೈಕಲ್ ಸಾಗುವ ದಿಕ್ಕಿನಲ್ಲೇ ಇಳಿಜಾರಾಗಿದ್ದರೆ ಹೊಡೆತ ಒರೆಸಿಕೊಂಡು ಹೋಗುತ್ತದೆ. ಒಳ್ಳೆಯ ಹಾದಿಯಲ್ಲಿ ಇದರ ಜೊತೆಗೆ ಬಿ-ಲೈನ್ ಎಂಬ ಸುತ್ತುದಾರಿಯೂ ಇರುತ್ತದೆ. ಕಷ್ಟದ ಜಾಗ ಬೇಡವೆಂದವನು ಕೆಲವು ಸೆಕೆಂಡು ದಂಡ ತೆತ್ತು ಅಲ್ಲಿಂದ ಹೋಗಬಹುದು.

ದಾಟಿಹೋಗಲು ಜಾಗವೂ ಬೇಕು. ಒಬ್ಬರ ಹಿಂದೊಬ್ಬರು ಹೋಗುವ ಕಾಲುದಾರಿಯಲ್ಲಿ ಮುಂದಿನವನು ತಡಬಡಾಯಿಸಿದರೆ ಹಿಂದಿನ ಇಪ್ಪತ್ತು ಜನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಂತೆ ನಿಲ್ಲುತ್ತಾರೆ. ಅಂಥ ಕಡೆ ಅಳೆದದ್ದು ಯಾರು ಮೊದಲು ಹೊರಟರು ಎಂಬುದನ್ನಷ್ಟೇ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಎಲಾಂಕೂರ್ ಗುಡ್ಡದ ಹಾದಿ ತೀರಾ ನುಣುಪು ಎಂದು ಮೂಗು ಮುರಿದವರಿದ್ದರು. ಆದರೆ ಅಲ್ಲಿ ಪಿಡ್‌ಕಾಕ್ ಪಂಕ್ಚರ್ ಆಗಿ ಹಿಂದೆ ಬಿದ್ದು, ಮತ್ತೆ ಅಟ್ಟಿಸಿಕೊಂಡು ಬಂದು, ಕೊನೆಯ ಸುತ್ತಿನಲ್ಲಿ ಹಾದಿ ಒಂದು ಮರದ ಎರಡೂ ಬದಿಗೆ ಕವಲೊಡೆದ ಕಡೆ ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿಯನ್ನು ಹಿಂದಿಕ್ಕಿದರು. ಆ ಮರ ಒಂದು ದೊಡ್ಡ ಬಂಡೆಗಿಂತ ಹೆಚ್ಚು ಕೆಲಸ ಮಾಡಿತು.

ಕಷ್ಟ ಹೆಚ್ಚಿಸಲು ಬಂಡೆಯನ್ನೇ ಎತ್ತರಿಸಬೇಕಿಲ್ಲ, ಏರಿನ ತುದಿಯಲ್ಲಿಟ್ಟರೆ ಸಾಕು ಎಂಬುದು ನನ್ನ ಪಕ್ಷ. ರೇಸಿನಲ್ಲಿ ಹೃದಯ ತನ್ನ ಗರಿಷ್ಠ ಬಡಿತದ ಶೇ. 90ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಇಳಿಜಾರಿನಲ್ಲಿ ಪೆಡಲ್ ನಿಂತರೂ ಅದಕ್ಕೆ ಪೂರ್ತಿ ವಿಶ್ರಾಂತಿಯಿಲ್ಲ, ಏಕೆಂದರೆ ಸೈಕಲ್ ಕುಣಿಯದಂತೆ ಹಿಡಿದ ತೋಳು, ತೊಡೆಗಳು ಬಿಗಿಯಾಗಿಯೇ ಇರುತ್ತವೆ. ಮೊದಲ ಸುತ್ತಿನಲ್ಲಿ ಆಟಿಕೆಯಂತಿದ್ದ ಕಲ್ಲು ಐದನೆಯದರಲ್ಲಿ ಕಾಲೆಳೆಯುತ್ತದೆ.

ನಮ್ಮ ಕಲ್ಲಿಗಂತೂ ಋತುಮಾನವೂ ಇದೆ. ಲಾಲ್‌ಬಾಗ್ ಬಂಡೆಯಂತೆ ಇದೂ ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ (gneiss) ಎಂಬ ಪಟ್ಟೆಪಟ್ಟೆ ಕಲ್ಲಿನ ಕುಟುಂಬಕ್ಕೆ ಸೇರಿದ್ದು. ಇದರಲ್ಲಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಮಳೆಬಿಸಿಲಿಗೆ ಜೇಡಿಯಾಗುತ್ತದೆ, ಕ್ವಾರ್ಟ್ಜ್ ಎಂಬ ಇನ್ನೊಂದು ಖನಿಜ ಮಾತ್ರ ಕರಗದೆ ಹರಳುಹರಳಾಗಿ ಮೇಲೆ ಉಳಿಯುತ್ತದೆ. ಬೇಸಿಗೆಯಲ್ಲಿ ಅದರ ಮೇಲೆ ಚಕ್ರ ಹರಿಸುವುದು ಕಡಪಾ ಕಲ್ಲಿನ ಮೇಲೆ ರಾಗಿ ಚೆಲ್ಲಿ ನಡೆದಂತೆ. ಮಳೆಗಾಲದಲ್ಲಿ ಹರಳು ಕೊಚ್ಚಿಹೋಗಿ ಪಾಚಿ ಬರುತ್ತದೆ. ಯಾವ ಹವೆಯಲ್ಲೂ ಇಡೀ ಹಾದಿಯನ್ನು ಸೈಕಲ್ ಮೇಲೆಯೇ ದಾಟುವಂತಿರಬೇಕು ಎನ್ನುವ ಅಂತರರಾಷ್ಟ್ರೀಯ ನಿಯಮದ ಬಿಸಿ ಇಂಥ ಕಡೆ ಗೊತ್ತಾಗುತ್ತದೆ.

ಹೋದ ಭಾನುವಾರ ಮತ್ತೆ ಆ ಹುಡುಗ ಸಿಕ್ಕ. ಅವನು ಬಂಡೆಯಿಂದ, ನಾನು ಪಕ್ಕದ ಸುತ್ತುದಾರಿಯಿಂದ, ಗಡಿಯಾರ ಹಿಡಿದು ಹೋಲಿಸಿದೆವು. ನನಗೆ ಒಂಬತ್ತು ಸೆಕೆಂಡು ಹೆಚ್ಚು ಹಿಡಿಯಿತು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಒಂಬತ್ತೇನಾ? ಹಾಗಾದ್ರೆ ಸುಸ್ತಾದಾಗ ನಾನೂ ಆ ಕಡೆಯಿಂದ್ಲೇ ಬರ್ತೀನಿ ಅಂಕಲ್” ಅಂದು ಏರು ಹತ್ತಿ ಹೊರಟ.