ಸ್ಟ್ಯಾಂಡ್ ನೋಡಿ ವಯಸ್ಸು ಹೇಳಬೇಡಿ

ಹಳೇ ಹೊಲಿಗೆ ಮಷೀನು ರಿಪೇರಿಗೆ ಬಂದಾಗ ಮನೆಯವರು ಮೊದಲು ತೋರಿಸುವುದು ಎರಕದ ಸ್ಟ್ಯಾಂಡನ್ನು. ನಾನು ಕೊನೆಗೆ ನೋಡುವುದೂ ಅದನ್ನೇ. ಹೆಡ್, ಅಂದರೆ ಹೊಲಿಯುವ ಮೇಲ್ಭಾಗ, ಒಂದು ಕಾಲದ್ದು, ಸ್ಟ್ಯಾಂಡ್ ಇನ್ನೊಂದು ಕಾಲದ್ದು ಆಗಿರುವುದು ಶಿವಮೊಗ್ಗದ ಟೈಲರ್ ಅಂಗಡಿಗಳಲ್ಲಿ ಮಾಮೂಲು. ವಯಸ್ಸು ಗೊತ್ತಾಗುವುದು ಹೆಡ್ಡಿನಿಂದ ಮಾತ್ರ.

ಸಿಂಗರ್ ಆದರೆ ಬಲಗಡೆ ಕಂಬದ ಬುಡದಲ್ಲಿ ನಂಬರ್ ಒತ್ತಿರುತ್ತದೆ. ಅಟ್ಟದ ಮೇಲೆ ಮಲೆನಾಡಿನ ಮಳೆಗಾಲಗಳನ್ನು ಕಳೆದ ಮಷೀನಿನಲ್ಲಿ ಅದು ಜಿಡ್ಡು, ತುಕ್ಕಿನಡಿ ಮುಚ್ಚಿಹೋಗಿರುತ್ತದೆ. ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ. ಸ್ಪಿರಿಟ್ಟಂತೂ ಬೇಡವೇ ಬೇಡ, ಅರಗಿನ ವಾರ್ನಿಷ್ ಕರಗಿ ಚಿನ್ನದ ಬಣ್ಣದ ಚಿತ್ತಾರವೂ ಎದ್ದು ಬರುತ್ತದೆ. ಮಷೀನ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಹತ್ತಿಬಟ್ಟೆಯಲ್ಲಿ ಒರೆಸಿ. ಆಮೇಲೂ ಓದಲಾಗದಿದ್ದರೆ ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿ. ಫೋಟೊದಲ್ಲಿ ಕಾಣದ ಅಂಕಿ ಕಾಗದದಲ್ಲಿ ಕಾಣುತ್ತದೆ.

ಹಳೇ ಕಪ್ಪು ಸಿಂಗರ್‌ನ ನಂಬರಿಗೆ ಮುಂದೆ ಇಂಗ್ಲಿಷ್ ಅಕ್ಷರವೇ ಇಲ್ಲದಿದ್ದರೆ ಅದು 1900ಕ್ಕಿಂತ ಹಿಂದಿನದು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದಾದರೆ, 'ವೈ' ಸರಣಿ 1920ರ ದಶಕದಿಂದ 30ರ ದಶಕದ ನಡುವಿನವರೆಗೆ ಬರುತ್ತದೆ. ಅದು ಮುಗಿದ ಮೇಲೆ, 1935ರಲ್ಲಿ 'ಇಎ' ಎಂಬ ಜೋಡಿ ಅಕ್ಷರ ಶುರು. ಕಂಪನಿ ನಂಬರುಗಳನ್ನು ಕಂತು ಕಂತಾಗಿ ಮೊದಲೇ ಹಂಚುತ್ತಿತ್ತು. ಹಾಗಾಗಿ ಸಿಂಗರ್ ನಂಬರುಗಳ ಪಟ್ಟಿಯಲ್ಲಿ ಸಿಗುವ ತಾರೀಖು ನಂಬರ್ ಹಂಚಿದ ದಿನದ್ದು, ಮಷೀನು ಮಾರಾಟವಾದ ದಿನದ್ದಲ್ಲ.

ಹೆಚ್ಚಿನವರು ಮೋಸಹೋಗುವುದು ಕೆಳದಾರ ಇರುವ ಶಟಲ್ ಮೇಲಿನ ಜಾರುತಟ್ಟೆಯಲ್ಲಿ. ಅಲ್ಲಿ ಕೆತ್ತಿರುವ ಇಸವಿಗಳು ಪೇಟೆಂಟಿನವು. 1880ರ ದಶಕದ ಇಸವಿ ಇರುವ ತಟ್ಟೆ 1910ರ ಮಷೀನಿನಲ್ಲೂ ಇರಬಹುದು. ತಟ್ಟೆ ಕಳೆದುಹೋಗಿ ಬೇರೆಯದರದ್ದನ್ನು ಹಾಕಿರಲೂಬಹುದು. 1851–1951 ಎಂದು ಬರೆದ ನೀಲಿ ಅಂಚಿನ ಬಿಲ್ಲೆ ಇದ್ದರೆ ಮಾತ್ರ ಖುಷಿಪಡಿ, ಅದು ಕಂಪನಿಯ ಶತಮಾನೋತ್ಸವದ್ದು.

ಉಷಾ ಬೇರೆ ಲೆಕ್ಕ. ಕಲ್ಕತ್ತಾದ ಜಯ್ ಎಂಜಿನಿಯರಿಂಗ್ ವರ್ಕ್ಸ್ ಅದನ್ನು ಮಾಡಲು ಶುರುಮಾಡಿದ್ದೇ 1930ರ ದಶಕದಲ್ಲಿ. ಮುತ್ತಜ್ಜಿಯ 1910ರ ಮದುವೆಗೆ ಉಷಾ ಬರಲು ಸಾಧ್ಯವಿಲ್ಲ.

ಹಾಗಂತ ಮನೆಯವರ ನೆನಪನ್ನು ತಳ್ಳಿಹಾಕುವುದೂ ತಪ್ಪು. ಸಾಗರ, ಹೊಸನಗರದ ಕಡೆಯವರು 'ಮುಳುಗಡೆಗೆ ಮೊದಲೇ ಇತ್ತು' ಎಂದರೆ ನಾನು ಬರೆದಿಟ್ಟುಕೊಳ್ಳುತ್ತೇನೆ. ಊರುಗಳನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ಅಂದರೆ ಆ ಹೊತ್ತಿಗೆ ಮಷೀನು ಮನೆಯಲ್ಲಿತ್ತು. ನಂಬರ್ ಪ್ರಕಾರ ಅದು 1928ರದ್ದಾದರೂ ಜಗಳವಿಲ್ಲ, ಸೆಕೆಂಡ್‌ಹ್ಯಾಂಡ್ ತಂದಿರುತ್ತಾರೆ.

ಇನ್ನು ಬೆಲೆ. ಸಿಂಗರ್ ಕೋಟಿಗಟ್ಟಲೆ ತಯಾರಾದ ಮಾಲು, ಹಳೆಯದಾದ ಮಾತ್ರಕ್ಕೆ ಅಪರೂಪವಲ್ಲ. ಸೂಜಿಯಲ್ಲಿ 'ಕೆಂಪು ಪಾದರಸ' ಇದೆಯೆಂಬ ಗಾಳಿಸುದ್ದಿಗೆ 2009ರಲ್ಲಿ ಸೌದಿ ಅರೇಬಿಯಾದಲ್ಲಿ ಜನ ಮುಗಿಬಿದ್ದು ದುಡ್ಡು ಸುರಿದರು. ಅಂಥ ಪಾದರಸ ಯಾವ ಮಷೀನಿನಲ್ಲೂ ಇಲ್ಲ. ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.