ಅಕ್ರೋಟು ಮರ: ಶೇ 7.8 ಕುಗ್ಗುತ್ತೆ ಅಂದ್ರೆ ಎಷ್ಟು?

ಧಾರವಾಡದಲ್ಲಿ ಒಳ್ಳೆ ಕಟ್ಟಿಗೆ ಅಂದರೆ ಸಾಗವಾನಿ, ಅದೂ ದಾಂಡೇಲಿಯದು. ಹಾಗಾಗಿ ಪರೀಕ್ಷೆಗೆ ಅಕ್ರೋಟನ್ನೂ, ಅಂದರೆ ವಾಲ್‌ನಟ್ ಅನ್ನೂ, ಸಾಗವಾನಿ ಪಕ್ಕದಲ್ಲಿಟ್ಟೇ ಓದಿದ್ದೇನೆ.

ಸುಲಭದ್ದು ಮೊದಲು. ಅಂಗಡಿಯಲ್ಲಿ ವಾಲ್‌ನಟ್ ಅಂತ ಸಿಗುವುದು ಮುಖ್ಯವಾಗಿ ಎರಡು ಜಾತಿ. ಒಂದು ಅಮೆರಿಕದ ಕಪ್ಪು ವಾಲ್‌ನಟ್. ಇನ್ನೊಂದು ನಾವು ತಿನ್ನುವ ಅಕ್ರೋಟಿನ ಮರ. ಕಾಶ್ಮೀರದ ಕೆತ್ತನೆ ಕೆಲಸ ಇದರದ್ದೇ. ಕೆಳಗಿನ ಅಂಕಿಗಳು ಕಪ್ಪು ವಾಲ್‌ನಟ್‌ನವು. ತೇವ ಶೇ 12 ಇದ್ದಾಗ ಘನ ಮೀಟರಿಗೆ ಸುಮಾರು 610 ಕೆ.ಜಿ. ಚೇಗು (ಒಳಗಿನ ಗಟ್ಟಿ ಮರ) ಚಾಕೊಲೇಟ್ ಬಣ್ಣ, ಹೊರಪದರ ಬಿಳಿಚು. ಉಳಿ ಸಲೀಸಾಗಿ ಓಡುತ್ತದೆ, ಆದರೆ ಎಳೆ ತಿರುಗಿದ ಕಡೆ ರಂದಾ ಹೊಡೆದರೆ ಕಿತ್ತು ಬರುತ್ತದೆ. ಪೀಠೋಪಕರಣ, ವಿನಿಯರ್ (ಮೇಲೆ ಅಂಟಿಸುವ ತೆಳು ಮರದ ಹಾಳೆ), ಬಂದೂಕಿನ ಹಿಂಬದಿಯ ಕಟ್ಟಿಗೆ, ಇವೆಲ್ಲಕ್ಕೂ ಹೆಸರುವಾಸಿ.

ಈಗ ತಲೆ ಕೆಡಿಸುವ ಭಾಗ, ಕುಗ್ಗುವಿಕೆ. ಪುಸ್ತಕದಲ್ಲಿ ಎರಡು ಅಂಕಿ ಕೊಡುತ್ತಾರೆ. ತಿರುಳಿನಿಂದ ತೊಗಟೆ ಕಡೆಗೆ ಶೇ 5.5, ಉಂಗುರದ ಗುಂಟ ಶೇ 7.8. ಹಲಗೆಯ ಅಗಲ ಉಂಗುರದ ಗುಂಟ ಇದೆ ಅಂತ ಹಿಡಿದರೆ 600 ಮಿ.ಮೀ. ಅಗಲದ ಟೇಬಲ್ ಹಲಗೆ 47 ಮಿ.ಮೀ. ಕುಗ್ಗಬೇಕು, ಅಲ್ವಾ? ಹಾಗಿದ್ದರೆ ಈ ಮರದಲ್ಲಿ ಯಾರೂ ಟೇಬಲ್ ಮಾಡುತ್ತಿರಲಿಲ್ಲ.

ಆ 7.8 ಹಸಿಮರ ಒಣಗಿ ತೇವ ಪೂರ್ತಿ ಸೊನ್ನೆಗೆ ಇಳಿಯುವವರೆಗಿನ ಲೆಕ್ಕ. ಮರ ಕುಗ್ಗಲು ಶುರುಮಾಡುವುದೇ ತೇವ ಶೇ 30ರ ಹತ್ತಿರ ಬಂದ ಮೇಲೆ. ಅದಕ್ಕೂ ಮೇಲಿನ ನೀರು ಕೋಶಗಳ ಪೊಳ್ಳಿನಲ್ಲಿ ಇರುತ್ತದೆ. ಅದು ಹೋದರೆ ತೂಕ ಇಳಿಯುತ್ತದೆ, ಅಗಲ ಇಳಿಯಲ್ಲ. ಆದ್ದರಿಂದ 7.8 ಅನ್ನು 30ರಿಂದ ಭಾಗಿಸಿ: 0.26. ತೇವ 1 ಅಂಶ ಬದಲಾದರೆ ಅಗಲ ಶೇ 0.26 ಬದಲಾಗುತ್ತದೆ. ಇಷ್ಟೇ!

ಏಪ್ರಿಲ್ ಬಿಸಿಲಿಂದ ಶ್ರಾವಣದ ಜಿಟಿಜಿಟಿ ಮಳೆಗೆ ಬರುವಷ್ಟರಲ್ಲಿ ಹಲಗೆಯ ತೇವ 4 ಅಂಶ ಏರಿತು ಅಂತ ಹಿಡಿಯಿರಿ. 600 × 0.0026 × 4, ಅಂದರೆ 6 ಮಿ.ಮೀ. ಚಿಲ್ಲರೆ.

ಇದೇ ಲೆಕ್ಕ ಸಾಗವಾನಿಗೆ ಹಾಕಿ. ಅದರ ಅಂಕಿ 2.5 ಮತ್ತು 5.8. ಬರುವುದು 4.6 ಮಿ.ಮೀ. ಮತ್ತೆ ಎಲ್ಲರೂ ವಾಲ್‌ನಟ್ ಅಲುಗಾಡದ ಮರ ಅಂತ ಹೊಗಳುವುದು ಸುಮ್ನೆನಾ? ಅಲ್ಲ. ಅವರು ಎರಡು ಅಂಕಿಗಳ ಅನುಪಾತವನ್ನೂ ನೋಡುತ್ತಾರೆ. ವಾಲ್‌ನಟ್‌ನಲ್ಲಿ ಅದು 1.4, ಸಾಗವಾನಿಯಲ್ಲಿ 2.3. ಅನುಪಾತ ಕಡಿಮೆ ಇದ್ದಷ್ಟೂ ಹಲಗೆ ಡೊಂಕಾಗುವುದು ಕಡಿಮೆ. ಡೊಂಕು ಬೇರೆ, ಅಗಲ ಬೇರೆ. ಪರೀಕ್ಷೆಯಲ್ಲಿ ಯಾವುದು ಕೇಳಿದ್ದಾರೆ ನೋಡಿಕೊಳ್ಳಿ.

ಅಗಲ ಹೀಗೆ ಏರಿಳಿಯುವುದರಿಂದ ಅಗಲದ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಕೂರಿಸಬಾರದು. ನಡುವಿನ ಸ್ಕ್ರೂ ಬಿಗಿ ಮಾಡಿ. ಅಂಚಿನ ಸ್ಕ್ರೂಗಳ ತೂತನ್ನು ಅಗಲದ ದಿಕ್ಕಿಗೆ ಉದ್ದ ಕೊರೆಯಿರಿ. ಆಗ ಒಂದೊಂದು ಬದಿಗೆ 3 ಮಿ.ಮೀ. ಜಾಗ ಸಾಕು. ಹಲಗೆಯ ಉದ್ದಕ್ಕೆ ಈ ರಗಳೆ ಇಲ್ಲ.

ಇನ್ನೆರಡು ಚುಟುಕು. ಬಿಸಿಲಿಗೆ ವಾಲ್‌ನಟ್ ಬಣ್ಣ ವರ್ಷ ಕಳೆದಂತೆ ತಿಳಿಯಾಗುತ್ತದೆ. ತೇವ ಇದ್ದಾಗ ಕಬ್ಬಿಣ ತಾಗಿದರೆ ನೀಲಿಗಪ್ಪು ಕಲೆ ಬೀಳುತ್ತದೆ, ಹಾಗಾಗಿ ಕಣ್ಣಿಗೆ ಬೀಳುವ ಕಡೆ ಹಿತ್ತಾಳೆ ಸ್ಕ್ರೂ ಹಾಕಿ.