ಇ7: ಮಲಗಬೇಕಾದ ಕೋಶವನ್ನು ಎಬ್ಬಿಸುವ ವಂಶವಾಹಿ

ಕಳೆದ ಶನಿವಾರ ಕಬ್ಬನ್ ಪಾರ್ಕಿನ ಬಿದಿರುಮೆಳೆಯ ಹತ್ತಿರ ಕೂತು ನಾವು ನಾಲ್ವರು ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಪಾಠ ಓದುತ್ತಿದ್ದೆವು. ‘ಇ7 ವಂಶವಾಹಿಯ ಕೆಲಸವೇನು?’ ಅಂತ ಕೇಳಿಕೊಂಡಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಮಾತು: ಕ್ಯಾನ್ಸರ್. ಉತ್ತರ ತಪ್ಪಲ್ಲ. ಆದರೆ ಅದರಿಂದ ವೈರಸ್ಸಿಗೇನು ಲಾಭ ಅಂತ ಯಾರೂ ಕೇಳಲಿಲ್ಲ. ಮನೆಗೆ ಬಂದು ಬರೆದುಕೊಂಡದ್ದು ಇದು.

ಈ ವೈರಸ್ಸಿನ ಆಸ್ತಿ ತೀರಾ ಕಡಿಮೆ. ಬಳೆಯಂತೆ ಸುತ್ತಿದ, ಸುಮಾರು 8,000 ಪ್ರತ್ಯಾಮ್ಲ ಜೋಡಿಗಳ ಡಿಎನ್‌ಎ, ಅಷ್ಟೆ. ಇ1 ಪ್ರೋಟೀನು ಎಳೆಗಳನ್ನು ಬಿಡಿಸುತ್ತದೆ, ಇ2 ಅದನ್ನು ಸರಿಯಾದ ಜಾಗಕ್ಕೆ ತಂದು ಕೂರಿಸುತ್ತದೆ. ನಕಲು ತೆಗೆಯುವ ಪಾಲಿಮರೇಸ್ ಮಾತ್ರ ಸ್ವಂತದ್ದಿಲ್ಲ, ಕೋಶದಿಂದಲೇ ಪಡೆಯಬೇಕು.

ಚರ್ಮ ಸ್ವಲ್ಪ ತರಚಿದಾಗ ವೈರಸ್ ತಳಪದರದ ಕೆರಟಿನೋಸೈಟ್ (ಚರ್ಮದ ಹೊರಪದರವನ್ನು ಕಟ್ಟುವ ಕೋಶ) ಸೇರುತ್ತದೆ. ಅಲ್ಲಿ ಕೋಶಕ್ಕೆ 50ರಿಂದ 100 ಪ್ರತಿ ಇಟ್ಟುಕೊಂಡು ಸದ್ದಿಲ್ಲದೆ ಇರುತ್ತದೆ. ನಿಜವಾದ ಸುಗ್ಗಿ ಮೇಲಿನ ಪದರಗಳಲ್ಲಿ. ಅಲ್ಲಿಂದ ಉದುರುವ ಚರ್ಮದ ಜೊತೆಗೇ ಹೊಸ ವೈರಸ್ ಹೊರಬೀಳಬಹುದು, ರೋಗನಿರೋಧಕ ಕೋಶಗಳ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ತೊಡಕೆಂದರೆ, ತಳ ಬಿಟ್ಟು ಮೇಲೇರಿದ ಕೆರಟಿನೋಸೈಟ್ ವಿಭಜನೆ ನಿಲ್ಲಿಸಿರುತ್ತದೆ. ಡಿಎನ್‌ಎ ನಕಲಿಸುವ ಸಲಕರಣೆ ಅಲ್ಲಿ ಆರಿಹೋಗಿರುತ್ತದೆ.

ರಾತ್ರಿ ಹನ್ನೊಂದಕ್ಕೆ ಬಸವನಗುಡಿಯ ಯಾವುದಾದರೂ ದರ್ಶಿನಿಯನ್ನು ನೆನೆಸಿಕೊಳ್ಳಿ. ಶಟರ್ ಅರ್ಧ ಇಳಿದಿದೆ, ಗ್ರೈಂಡರ್ ತೊಳೆದಾಗಿದೆ, ಕಾವಲಿ ತಣ್ಣಗಾಗಿದೆ. ಆ ಹೊತ್ತಿನಲ್ಲಿ ಬಂದು ಸಾವಿರ ದೋಸೆ ಕೇಳುವ ಗಿರಾಕಿ ಈ ವೈರಸ್. ಮತ್ತೆ ಒಲೆ ಹಚ್ಚಿಸುವುದು ಇ7.

ಹೇಗೆ? ಕೋಶದಲ್ಲಿ ಆರ್‌ಬಿ ಎಂಬ ಪ್ರೋಟೀನು ಇ2ಎಫ್ ಎಂಬ, ನಕಲಿನ ವಂಶವಾಹಿಗಳನ್ನು ಚಾಲೂ ಮಾಡುವ ಕೋಶದ್ದೇ ಇನ್ನೊಂದು ಪ್ರೋಟೀನನ್ನು (ವೈರಸ್ಸಿನ ಇ2 ಅಲ್ಲ) ಹಿಡಿದಿಟ್ಟುಕೊಂಡಿರುತ್ತದೆ. ಎಚ್‌ಪಿವಿ16 ಎಂಬ, ಕ್ಯಾನ್ಸರ್ ತರಬಲ್ಲ ತಳಿಯ ಇ7 ಪ್ರೋಟೀನಿನಲ್ಲಿ ಇರುವುದು ಬರೀ 98 ಅಮೈನೋ ಆಮ್ಲ. ಅದರೊಳಗಿನ ಒಂದು ಚಿಕ್ಕ ತುಣುಕು (ಲ್ಯೂಸಿನ್, ಯಾವುದಾದರೊಂದು, ಸಿಸ್ಟೀನ್, ಯಾವುದಾದರೊಂದು, ಗ್ಲುಟಮೇಟ್) ಆರ್‌ಬಿಗೆ ಕಚ್ಚಿಕೊಳ್ಳುತ್ತದೆ. ಹಿಡಿತ ಸಡಿಲವಾಗಿ ಇ2ಎಫ್ ಬಿಡುಗಡೆಯಾದರೆ ನಕಲಿಗೆ ಬೇಕಾದ ವಂಶವಾಹಿಗಳು ಮತ್ತೆ ಚಾಲೂ. ನನಗೆ ಇನ್ನೂ ಮುಖ್ಯವಾಗಿ ಕಂಡದ್ದು ಆರ್‌ಬಿಯ ದಾಯಾದಿ ಪಿ130. ಮೇಲಿನ ಪದರಗಳಲ್ಲಿ ಕಾವಲಿರುವುದು ಹೆಚ್ಚಾಗಿ ಇದೇ. ಸಾಮಾನ್ಯವಾಗಿ ಕ್ಯಾನ್ಸರ್ ಉಂಟುಮಾಡದ ಎಚ್‌ಪಿವಿ6 ತಳಿಯ ಇ7 ಕೂಡ ಪಿ130 ಅನ್ನು ನಾಶಮಾಡಿಸುತ್ತದೆ. ಅಂದರೆ ಅಪಾಯದ ತಳಿಯಾಗಲಿ, ಬರೀ ನರಹುಲಿ ತರುವ ತಳಿಯಾಗಲಿ, ಒಲೆ ಹಚ್ಚುವ ಅಗತ್ಯ ಎರಡಕ್ಕೂ ಒಂದೇ.

ಹೊತ್ತಲ್ಲದ ಹೊತ್ತಲ್ಲಿ ವಿಭಜನೆಗೆ ಹೊರಟ ಕೋಶವನ್ನು ಪಿ53 ಎಂಬ ಕಾವಲು ಪ್ರೋಟೀನು ತಡೆಯುತ್ತದೆ. ಅಪಾಯದ ತಳಿಗಳಲ್ಲಿ ಅದನ್ನು ತೆಗೆದುಹಾಕುವ ಹೊಣೆ ವೈರಸ್ಸಿನ ಇನ್ನೊಂದು ಪ್ರೋಟೀನಾದ ಇ6ರದ್ದು. ಡಿಎನ್‌ಎ ಹಾನಿಗೆ ಎಚ್ಚರಿಕೆ ಕೊಡುವ, ಎಟಿಎಂ ಎಂಬ ಪ್ರೋಟೀನಿನ ವ್ಯವಸ್ಥೆಯನ್ನೂ ಇ7 ಎಬ್ಬಿಸುತ್ತದೆ. ವೈರಸ್ ಅದನ್ನು ತಡೆಯುವುದಿಲ್ಲ, ತನ್ನ ನಕಲಿಗೇ ದುಡಿಸಿಕೊಳ್ಳುತ್ತದೆ. ಎರಡು ಸಲ ಓದಿದ ಮೇಲೆ ನನಗಿದು ಅರ್ಥವಾಯಿತು.

ಒಲೆ ಹಚ್ಚಿಸುವುದು ಇ7 ಎಂಬುದಕ್ಕೆ ಪುರಾವೆ ರಾಫ್ಟ್ ಕಲ್ಚರ್, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮ. ಕೊಲಾಜೆನ್ ಪ್ರೋಟೀನಿನ ಹಾಸಿನಲ್ಲಿ ಫೈಬ್ರೋಬ್ಲಾಸ್ಟ್ (ಚರ್ಮದ ಒಳಪದರದ) ಕೋಶಗಳನ್ನು ಸೇರಿಸಿ, ಅದರ ಮೇಲೆ ಕೆರಟಿನೋಸೈಟ್ ಬೆಳೆಸಿ, ಹಾಸನ್ನು ಮೇಲೆತ್ತಿ ಗಾಳಿಗೆ ಒಡ್ಡುತ್ತಾರೆ. ಕೆಳಗಡೆ ದ್ರವ, ಮೇಲ್ಗಡೆ ಗಾಳಿ. ಸುಮಾರು ಎರಡು ವಾರದಲ್ಲಿ ಪದರಪದರವಾಗಿ ಚರ್ಮದಂತೆಯೇ ಆಗುತ್ತದೆ. ಪೂರ್ತಿ ಎಚ್‌ಪಿವಿ16 ಜೀನೋಮ್ ಇದ್ದರೆ ಮೇಲಿನ ಕೋಶಗಳಲ್ಲೂ ಡಿಎನ್‌ಎ ನಕಲು ನಡೆಯುತ್ತದೆ, ವೈರಸ್ ಪ್ರತಿಗಳು ತುಂಬಿಕೊಳ್ಳುತ್ತವೆ. ಇ7 ಒಂದನ್ನು ಕೆಡಿಸಿಟ್ಟರೆ ತಳಪದರದ ಪ್ರತಿಗಳು ಉಳಿಯುತ್ತವೆ, ಮೇಲಿನ ಸುಗ್ಗಿ ಇಲ್ಲ. ಎಚ್‌ಪಿವಿ31 ತಳಿಯಲ್ಲಾದರೆ ಇ7 ಇಲ್ಲದೆ ಪ್ರತಿಗಳನ್ನು ಉಳಿಸಿಕೊಳ್ಳುವುದೇ ಆಗುವುದಿಲ್ಲ. ಪರೀಕ್ಷೆಯಲ್ಲಿ ‘ಎಲ್ಲ ತಳಿಗಳಲ್ಲೂ’ ಅಂತ ಬರೆದುಬಿಡಬೇಡಿ.

ಇನ್ನು ಕ್ಯಾನ್ಸರ್. ಎಷ್ಟೋ ಸಲ ವೈರಸ್ಸಿನ ಬಳೆ ಮುರಿದು ಕೋಶದ ಕ್ರೋಮೋಸೋಮಿಗೆ ಸೇರಿಕೊಳ್ಳುತ್ತದೆ. ಹಾಗಾದಾಗ ಸಾಮಾನ್ಯವಾಗಿ ಇ2 ಕೆಡುತ್ತದೆ, ಅದು ಹದ್ದಿನಲ್ಲಿಟ್ಟಿದ್ದ ಇ6 ಮತ್ತು ಇ7 ಎಗ್ಗಿಲ್ಲದೆ ತಯಾರಾಗುತ್ತವೆ. ಕೋಶ ಬೆಳೆಯುತ್ತಲೇ ಹೋಗುತ್ತದೆ, ಆದರೆ ಬಿಡಿ ಬಳೆ ಉಳಿದಿಲ್ಲದ ಅಂಥ ಕೋಶದಲ್ಲಿ ಹೊಸ ವೈರಸ್ ಹುಟ್ಟುವುದೇ ನಿಂತುಹೋಗಿರುತ್ತದೆ.